ಹಳೆಯ ಜಿಗ್‌ಸಾ ಕೈಕೊಟ್ಟರೆ ಹೊಸದನ್ನು ಆರಿಸುವುದು ಹೇಗೆ?

ಹಲಸಿನ ಹಲಗೆಯಲ್ಲಿ ಊಟದ ಮಣೆಯೊಂದನ್ನು ಮಾಡುತ್ತಿದ್ದೆ. ಮೂಲೆಗಳನ್ನು ದುಂಡಗೆ ಕೊಯ್ಯಬೇಕಿತ್ತು. ತೆಳು ಬ್ಲೇಡ್ ಮೇಲೆ ಕೆಳಗೆ ಓಡುತ್ತ ತಿರುವುಗಳನ್ನು ಕೊಯ್ಯುವ ವಿದ್ಯುತ್ ಗರಗಸವೇ ಜಿಗ್‌ಸಾ. ಪೆನ್ಸಿಲ್ ಗೆರೆ ಬಿಡದೆ ಅದನ್ನು ನಡೆಸಿದೆ. ಮೇಲಿನಿಂದ ಎಲ್ಲವೂ ಸರಿಯಾಗಿಯೇ ಕಂಡಿತು. ಹಲಗೆಯನ್ನು ಮಗುಚಿದಾಗ ಕೆಳಗಿನ ಅಂಚು ಮೂರು ಮಿಲಿಮೀಟರ್ ಒಳಕ್ಕೆ ಸರಿದಿತ್ತು. ಬ್ಲೇಡ್ ಹೊಸದು, ಮೊನಚೂ ಇತ್ತು. ಒಂಬತ್ತು ವರ್ಷ ದುಡಿದ ಯಂತ್ರದಲ್ಲಿ ಬ್ಲೇಡ್ ಹಿಡಿಯುವ ದಂಡವೇ ಸಡಿಲವಾಗಿತ್ತು.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ಎಲ್ಲಿ ಕೆಟ್ಟಿದೆ ಎಂದು ಪತ್ತೆ ಮಾಡಿ. ಮೋಟರ್ ತಡೆದು ತಡೆದು ಓಡುತ್ತಿದ್ದರೆ, ಗಾಳಿಕಿಂಡಿಯೊಳಗೆ ಕಿಡಿ ಜೋರಾಗಿ ಕಾಣುತ್ತಿದ್ದರೆ ಬಹಳ ಸಲ ಕಾರ್ಬನ್ ಬ್ರಷ್, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಪುಟ್ಟ ತುಂಡು, ಸವೆದಿರುತ್ತದೆ. ಅದನ್ನು ಜೋಡಿಯಾಗಿ ಬದಲಿಸಿದರೆ ಯಂತ್ರ ಮತ್ತೆ ಓಡುತ್ತದೆ, ಖರ್ಚೂ ಕಡಿಮೆ. ಆರ್ಮೆಚರ್, ಅಂದರೆ ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಸುಟ್ಟಿದ್ದರೆ ಅಥವಾ ದಂಡ ಪಕ್ಕಕ್ಕೆ ಅಲುಗಾಡುತ್ತಿದ್ದರೆ ರಿಪೇರಿಗೆ ಹಣ ಸುರಿಯಬೇಡಿ.

ಜಿಗ್‌ಸಾದ ಹುಟ್ಟನ್ನು ತಿಳಿದರೆ ಅದರ ದೌರ್ಬಲ್ಯವೂ ತಿಳಿಯುತ್ತದೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದ ಸೂಜಿಯನ್ನು ತೆಗೆದು ಅಲ್ಲಿ ಗರಗಸದ ಬ್ಲೇಡ್ ಕೂರಿಸಿದ. ಸೂಜಿಯಂತೆಯೇ ಈ ಬ್ಲೇಡಿಗೂ ಮೇಲ್ತುದಿಯಲ್ಲಿ ಮಾತ್ರ ಹಿಡಿತ, ಕೆಳತುದಿಗೆ ಯಾವ ಆಸರೆಯೂ ಇಲ್ಲ. ತಿರುವಿನಲ್ಲಿ ಸ್ವಲ್ಪ ಒತ್ತಿದರೂ ಅದು ಬಾಗುತ್ತದೆ. ಆದ್ದರಿಂದ ಹೊಸ ಯಂತ್ರದಲ್ಲಿ ನಾನು ಮೊದಲು ನೋಡುವುದು ಬ್ಲೇಡನ್ನು ಹಿಡಿದು ನಿಲ್ಲಿಸುವ ಭಾಗಗಳನ್ನು.

ಅಂಗಡಿಯಲ್ಲಿ ಪ್ಲಗ್ ಹಾಕುವ ಮೊದಲೇ ಒಂದು ಬ್ಲೇಡ್ ಕೂರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ತೆಳು ಉಕ್ಕು ತುಸು ಬಾಗುವುದು ಸಹಜ. ಆದರೆ ಬುಡದಲ್ಲೇ ಲಟಲಟ ಎಂದರೆ ಆ ಯಂತ್ರ ಬೇಡ. ಬ್ಲೇಡಿನ ಬೆನ್ನಿಗೆ ಒಂದು ಪುಟ್ಟ ರೋಲರ್ ಇರುತ್ತದೆ, ಅದರಲ್ಲಿ ಬ್ಲೇಡ್ ಕೂರಲು ಕಾಲುವೆಯಂಥ ಸೀಳು. ಬ್ಲೇಡ್ ಆ ಸೀಳಿನಲ್ಲಿ ಆನಿಕೊಂಡಿರಬೇಕು, ರೋಲರ್ ಬೆರಳಿಗೆ ಸರಾಗವಾಗಿ ತಿರುಗಬೇಕು. ಅನಂತರ ತಳದ ತಟ್ಟೆ. ತಗಡನ್ನು ಮಡಚಿ ಮಾಡಿದ ತಟ್ಟೆ ಒಮ್ಮೆ ಕೆಳಗೆ ಬಿದ್ದರೆ ಸೊಟ್ಟಗಾಗುತ್ತದೆ. ದಪ್ಪ ಉಕ್ಕಿನದೋ ಎರಕದ ಅಲ್ಯೂಮಿನಿಯಂನದೋ ಆದರೆ ಒಳ್ಳೆಯದು. ಸಪಾಟಾದ ಗಾಜಿನ ಕೌಂಟರ್ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ.

ಯಂತ್ರಕ್ಕೆ ಸಿಕ್ಕಿಸುವ ಬ್ಲೇಡಿನ ಮೇಲ್ತುದಿ ಟಿ ಆಕಾರದ್ದೋ ಯು ಆಕಾರದ್ದೋ ಎಂದು ಕೇಳಲು ಮರೆಯಬೇಡಿ. ಈಗ ಟಿ ಆಕಾರದ್ದೇ ಹೆಚ್ಚು ಸಿಗುತ್ತದೆ. ನಿಮ್ಮ ಹಳೆಯ ಯಂತ್ರ ಸ್ಕ್ರೂ ಬಿಗಿಯುವ ಯು ಮಾದರಿಯದಾಗಿದ್ದರೆ ಕೂಡಿಟ್ಟ ಬ್ಲೇಡುಗಳು ಹೊಸದಕ್ಕೆ ಕೂರುವುದಿಲ್ಲ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸ್ಪ್ಯಾನರ್ ಇಲ್ಲದೆ ಬ್ಲೇಡ್ ಬದಲಿಸುವ ಸೌಕರ್ಯ ಇರಲಿ. ಕೊಯ್ದು ಮುಗಿದಾಗ ಬ್ಲೇಡ್ ಕೈಸುಡುವಷ್ಟು ಬಿಸಿಯಾಗಿರುತ್ತದೆ. ಗುಂಡಿ ಒತ್ತಿದೊಡನೆ ಉದುರುವ ವ್ಯವಸ್ಥೆ ಬೆರಳನ್ನು ಕಾಯುತ್ತದೆ.

ವೇಗ ಬದಲಿಸುವ ಅನುಕೂಲ ಇಲ್ಲದ ಯಂತ್ರವನ್ನು ಯಾರಿಗೂ ಶಿಫಾರಸು ಮಾಡಲಾರೆ. ನಿಮಿಷಕ್ಕೆ 3000 ಸಲ ಓಡುವ ಬ್ಲೇಡ್ ಮರಕ್ಕೆ ಸರಿ. ಅದೇ ವೇಗದಲ್ಲಿ ಅಕ್ರಿಲಿಕ್ ಕರಗಿ ಕೊಯ್ದ ಜಾಗದಲ್ಲೇ ಮತ್ತೆ ಅಂಟಿಕೊಳ್ಳುತ್ತದೆ, ಲೋಹದಲ್ಲಿ ಹಲ್ಲು ಸುಟ್ಟುಹೋಗುತ್ತದೆ. ಬ್ಲೇಡ್ ಒಮ್ಮೆಗೆ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, ಸಾಮಾನ್ಯವಾಗಿ 18ರಿಂದ 26 ಮಿಲಿಮೀಟರ್. ಅದು ಉದ್ದವಾದಷ್ಟೂ ಹೆಚ್ಚು ಹಲ್ಲುಗಳು ಕೆಲಸ ಮಾಡುತ್ತವೆ, ಮರದ ಪುಡಿ ಬೇಗ ಹೊರಬರುತ್ತದೆ. ಮನೆಗೆ 20 ಸಾಕು.

0ರಿಂದ 3ರವರೆಗೆ ಗುರುತಿರುವ ಸಣ್ಣ ಹಿಡಿಯೊಂದು ಇದೆಯೇ ನೋಡಿ. ಇದು ಬ್ಲೇಡ್ ಮೇಲೇರುವಾಗ ಅದನ್ನು ಮುಂದಕ್ಕೆ ತಳ್ಳುತ್ತದೆ. ದಪ್ಪ ಮರವನ್ನು ನೇರ ಸೀಳುವಾಗ 2 ಅಥವಾ 3 ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಸನ್‌ಮೈಕಾ ಅಂಟಿಸಿದ ಪ್ಲೈವುಡ್, ಲೋಹ, ಬಿಗಿ ತಿರುವುಗಳಿಗೆ 0. ಬ್ಲೇಡಿನ ಹಲ್ಲು ಸಾಮಾನ್ಯವಾಗಿ ಮೇಲ್ಮುಖವಾಗಿರುವುದರಿಂದ ಸಿಬಿರು ಏಳುವುದು ಮೇಲಿನ ಮೈಯಲ್ಲಿ. ಅಂದದ ಮೈಯನ್ನು ಕೆಳಗೆ ಮಾಡಿ ಕೊಯ್ಯಿರಿ.

ವ್ಯಾಟ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 450 ವ್ಯಾಟ್ ಯಂತ್ರ 18 ಮಿಲಿಮೀಟರ್ ಪ್ಲೈವುಡ್ಡಿಗೆ ಧಾರಾಳವಾಯಿತು. ತೇಗ, ಹಲಸಿನ ದಪ್ಪ ಹಲಗೆ ಆಗಾಗ ಕೊಯ್ಯುವವರು ಮಾತ್ರ 650ರಿಂದ 700ರ ಆಸುಪಾಸಿನದನ್ನು ನೋಡಲಿ. 18 ವೋಲ್ಟ್ ಬ್ಯಾಟರಿಯ ಡ್ರಿಲ್ ಈಗಾಗಲೇ ಇದ್ದರೆ, ಅದೇ ಕಂಪನಿಯ ಅದೇ ಬ್ಯಾಟರಿ ಸರಣಿಯ ಜಿಗ್‌ಸಾವನ್ನು ಬ್ಯಾಟರಿ ಇಲ್ಲದೆ ಕೊಳ್ಳುವುದು ಲಾಭ. ಇಲ್ಲವಾದರೆ ವೈರಿನದೇ ಇರಲಿ.

ಕೊನೆಗೆ ಪರೀಕ್ಷೆ. ಮನೆಯಿಂದ ಒಂದು ತುಂಡು ಪ್ಲೈವುಡ್, ನೇರ ಮೂಲೆ ಅಳೆಯುವ ಒಂದು ಮೂಲೆಮಟ್ಟ, ಕಣ್ಣಿಗೆ ಕನ್ನಡಕ ತೆಗೆದುಕೊಂಡು ಹೋಗಿ. ಒಂದು ಅರ್ಧಚಂದ್ರ ಕೊಯ್ದು ತೋರಿಸಿ ಎಂದು ಅಂಗಡಿಯವರನ್ನು ಕೇಳಿ. ಸಾಧ್ಯವಿದ್ದರೆ ನೀವೇ ಕೊಯ್ಯಿರಿ. ತುಂಡಿನ ಕೊಯ್ದ ಅಂಚಿಗೆ ಮೂಲೆಮಟ್ಟ ಹಿಡಿದು ಬೆಳಕಿಗೆ ಒಡ್ಡಿದರೆ ಸಂದಿನಿಂದ ಎಷ್ಟು ಬೆಳಕು ನುಸುಳುತ್ತದೆ ಎಂಬುದೇ ಯಂತ್ರದ ಯೋಗ್ಯತೆ. ಆಗಲೇ ಕೈಗೆ ಬರುವ ನಡುಕ, ಗೆರೆಯ ಮೇಲಿನ ಪುಡಿಯನ್ನು ಊದುವ ಗಾಳಿ ಇವೂ ತಿಳಿಯುತ್ತವೆ. ಹಣ ಕೊಡುವ ಮೊದಲು ನಿಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ, ರೋಲರ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ ತಟ್ಟೆಯ ಓರೆಯನ್ನು ತೋರಿಸುವ ಡಿಗ್ರಿ ಗುರುತನ್ನು ನಂಬಿ ಕೊಯ್ಯಲು ತೊಡಗಬೇಡಿ. ಪ್ಲಗ್ ಕಿತ್ತು, ಯಂತ್ರವನ್ನು ತಲೆಕೆಳಗಾಗಿಸಿ, ತಟ್ಟೆಗೂ ಬ್ಲೇಡಿಗೂ ಮೂಲೆಮಟ್ಟ ತಾಗಿಸಿ ಸ್ಕ್ರೂ ಬಿಗಿಯಿರಿ. ನನ್ನ ಹೊಸ ಯಂತ್ರದ ಗುರುತು ಸೊನ್ನೆಯಲ್ಲಿತ್ತು. ಬ್ಲೇಡ್ ಮಾತ್ರ ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು.