ಫ್ಯೂಸ್ ಹೋಗಿದೆ ಅಂದರೆ ನಾನು ಮೊದಲು ನೋಡುವುದು ಮೈಕ್ರೋವೇವ್ ಬಾಗಿಲನ್ನು

ರಿಪೇರಿಗೆ ತರುವವರು ಹೇಳುವುದು ಹೆಚ್ಚುಕಮ್ಮಿ ಇದೇ. ಬಾಗಿಲು ತೆಗೆದೆ, ಒಳಗೆ ಟಪ್ ಅಂತು, ಆಮೇಲೆ ಲೈಟೂ ಇಲ್ಲ ಡಿಸ್‌ಪ್ಲೇನೂ ಇಲ್ಲ. ಬೋರ್ಡ್ ಸುಟ್ಟಿದೆ ಅಂತ ಅವರ ಲೆಕ್ಕ. ನಾನು ಬೋರ್ಡಿನ ಹತ್ತಿರವೂ ಹೋಗುವುದಿಲ್ಲ, ಸೀದಾ ಬಾಗಿಲ ಕೊಕ್ಕೆ ಕೂರುವ ಜಾಗಕ್ಕೆ ಹೋಗುತ್ತೇನೆ.

ಅಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ಸ್ವಿಚ್ ಇರುತ್ತವೆ. ಎರಡು ಸ್ವಿಚ್ ಬಾಗಿಲು ತೆಗೆದಾಗ ಕರೆಂಟ್ ಕಡಿಯುತ್ತವೆ. ಮೂರನೆಯದು ಮಾನಿಟರ್ ಸ್ವಿಚ್, ಅದರ ಕೆಲಸ ಉಲ್ಟಾ: ಬಾಗಿಲು ತೆಗೆದಾಗ ಕೂಡಿಕೊಳ್ಳುತ್ತದೆ. ಮೊದಲ ಸ್ವಿಚ್‌ನ ಕಾಂಟ್ಯಾಕ್ಟ್ (ಒಳಗೆ ಮುಟ್ಟಿಕೊಳ್ಳುವ ಲೋಹದ ತುದಿ) ಅಂಟಿಕೊಂಡು ಕರೆಂಟ್ ಕಡಿಯದೇ ಇದ್ದರೆ ಇದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಅಂದರೆ ಟಪ್ ಅಂದದ್ದು ಕೆಟ್ಟದ್ದಲ್ಲ, ಒಲೆ ತನ್ನ ಕೆಲಸ ಮಾಡಿದ್ದು. ಸುಮ್ನೆ ಫ್ಯೂಸ್ ಬದಲಿಸಿ ಕೊಟ್ಟರೆ ಮತ್ತೆ ಹಾರುತ್ತದೆ. ಆಗ ಕೆಲವರು ಮಾನಿಟರ್ ವೈರನ್ನೇ ಕಿತ್ತುಬಿಡುತ್ತಾರೆ. ಒಲೆ ಓಡುತ್ತದೆ, ನಿಜ, ಆದರೆ ಬಾಗಿಲು ತೆರೆದಿದ್ದರೂ ಓಡಬಹುದಲ್ವಾ? ಎಷ್ಟು ಕೇಳಿಕೊಂಡರೂ ನಾನು ಅದನ್ನು ಮಾಡಿಕೊಡುವುದಿಲ್ಲ.

ಈ ಏರ್ಪಾಡು ಹಳೆಯದು. ಮೇಜಿನ ಮೇಲಿಡುವ ಅಮಾನಾ ರೇಡಾರೇಂಜ್ ಎಂಬ ಮೈಕ್ರೋವೇವ್ ಒಲೆ ಅಮೆರಿಕದ ಮನೆಗಳಿಗೆ ಬಂದದ್ದು 1967ರಲ್ಲಿ. 1971ರ ಅಕ್ಟೋಬರ್ ನಂತರ ತಯಾರಾಗುವ ಒಲೆಗಳಿಗೆ ಅಲ್ಲಿ ನಿಯಮ ಬಂತು: ಕನಿಷ್ಠ ಎರಡು ಸ್ವಿಚ್, ಒಂದಾದರೂ ಬೆರಳಿಗೆ ಸಿಗದ ಹಾಗೆ ಒಳಗಿರಬೇಕು. ಮಾನಿಟರ್ ಆಮೇಲೆ ಸೇರಿತು. ಹೊರಗೆ ಬರುವ ಮೈಕ್ರೋವೇವ್ ತರಂಗದ ಸೋರಿಕೆ ಒಲೆಯಿಂದ 5 ಸೆಂ.ಮೀ. ದೂರದಲ್ಲಿ ಮಾರುವ ಮುಂಚೆ ಚದರ ಸೆಂ.ಮೀ.ಗೆ 1 ಮಿಲಿವ್ಯಾಟ್, ಬಳಕೆಗೆ ಬಂದ ಮೇಲೆ 5 ಮೀರಬಾರದು. ಮುಂಭಾಗದ ಕಂಟ್ರೋಲ್ ಫಲಕ ಎಷ್ಟೋ ಸಲ ವೇಷ ಬದಲಿಸಿದೆ, ಬಾಗಿಲ ಹಿಂದಿನ ಲೆಕ್ಕ ಮಾತ್ರ ಹಾಗೇ ಇದೆ.

ಫಲಕದ ವಿಷಯಕ್ಕೆ ಬಂದರೆ ನನಗೆ ತಿರುಗಿಸುವ ಟೈಮರ್ರೇ ಇಷ್ಟ. ಕರೆಂಟ್ ಅದರ ಕಾಂಟ್ಯಾಕ್ಟ್ ಮೂಲಕವೇ ಹೋಗುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಟಚ್ ಫಲಕದಲ್ಲಿ ಚಿಪ್ ಹೇಳಿದಂತೆ ರಿಲೇ, ಅಂದರೆ ಕರೆಂಟಿನಿಂದಲೇ ಕೂಡಿ ಬಿಡುವ ಸ್ವಿಚ್, ಕೇಳುತ್ತದೆ. ಜಾಸ್ತಿ ಒತ್ತುವ ಸ್ಟಾರ್ಟ್ ಬಟನ್ ಮೊದಲು ಸಾಯುತ್ತದೆ. ಸ್ಟಾರ್ಟ್ ಒತ್ತದೆ, ಬಾಗಿಲು ಮುಚ್ಚಿದ ಕೂಡಲೇ ಗುಂಯ್ ಅಂತ ಶುರುವಾದರೆ ನನ್ನ ಅನುಮಾನ ಅಂಟಿಕೊಂಡ ರಿಲೇ ಮೇಲೆ.

ಪ್ಲಗ್ ಕಿತ್ತರೂ ಚಾರ್ಜ್ ಹಿಡಿದಿಡುವ ಹೈವೋಲ್ಟೇಜ್ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ಇಳಿಸುವುದು ಗೊತ್ತಿಲ್ಲದವರು ಕವರ್ ಬಿಚ್ಚಲೇಬಾರದು. ಇಳಿಸಿದ ಮೇಲೆ ಸ್ವಿಚ್‌ಗಳ ವೈರ್ ಬಿಡಿಸಿ, ಮೀಟರ್ ಹಚ್ಚಿ, ಬಾಗಿಲನ್ನು ತೀರಾ ನಿಧಾನಕ್ಕೆ ಎಳೆಯುತ್ತೇನೆ. ಮೊದಲ ಎರಡು ಕಡಿದ ಮೇಲೆಯೇ ಮಾನಿಟರ್ ಕೂಡಬೇಕು. ಕೊಕ್ಕೆಯ ಪ್ಲಾಸ್ಟಿಕ್ ಸವೆದರೆ ಈ ಸರದಿ ತಪ್ಪುತ್ತದೆ, ಆಗ ಸ್ವಿಚ್ ಹೊಸದಿದ್ದರೂ ಫ್ಯೂಸ್ ಹೋಗುತ್ತದೆ. ಹಿಂದಿನ ಸ್ಕ್ರೂ ಸಡಿಲಿಸಿ ಸ್ವಿಚ್ ಕೂತ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು. ಒಮ್ಮೆ ಶಾರ್ಟ್ ಆಗಿದ್ದರೆ ಮೊದಲ ಸ್ವಿಚ್ಚನ್ನೂ ಮಾನಿಟರನ್ನೂ ಜೊತೆಗೇ ಬದಲಿಸುತ್ತೇನೆ, ಆ ದೊಡ್ಡ ಕರೆಂಟ್ ಎರಡರಲ್ಲೂ ಹಾದಿರುತ್ತದೆ. ನೋಡಲು ಎರಡೂ ಒಂದೇ ಥರ, ಆದರೆ ಅದಲುಬದಲಾದರೆ ಕೆಲಸ ಕೆಟ್ಟಂತೆ.

ಕೊನೆಗೆ 275 ಮಿಲಿಲೀಟರ್ ನೀರು ಒಳಗಿಟ್ಟು ಓಡಿಸಿ, ಸೋರಿಕೆ ಮೀಟರನ್ನು ಬಾಗಿಲ ಅಂಚಿನುದ್ದಕ್ಕೂ ನಿಧಾನಕ್ಕೆ ಒಯ್ಯುತ್ತೇನೆ. ಕೊಕ್ಕೆ ಬಿಡದಷ್ಟು ಬಾಗಿಲನ್ನು ನನ್ನ ಕಡೆಗೆ ಎಳೆದು ಹಿಡಿದು ಇನ್ನೊಂದು ಸುತ್ತು ನೋಡುತ್ತೇನೆ. ಮುಳ್ಳು ಏರುವುದಿದ್ದರೆ ಆಗಲೇ.