ಬಿಗಿನ್ ಆಗಿ ಕಮಿಟ್ ಆಗದ ಟ್ರಾನ್ಸಾಕ್ಷನ್‌ಗೆ ಟೈಮ್‌ಔಟ್ ಹಾಕುವುದು ಹೇಗೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ ಸಿಪಿಯು ಆರಾಮಾಗಿದೆ, ಕ್ವೆರಿಗಳೂ ಸಣ್ಣವೇ, ಆದರೂ ಆ್ಯಪ್ ಅಲ್ಲಾಡುತ್ತಿಲ್ಲವೇ? ಸುಮ್ನೆ ಕೂತಿರುವ ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯಬೇಕಾದ ಇಲ್ಲವೇ ಒಟ್ಟಿಗೇ ರದ್ದಾಗಬೇಕಾದ ಬದಲಾವಣೆಗಳ ಗುಂಪು) ಇದೆಯಾ ಅಂತ ಮೊದಲು ನೋಡಿ. ಯಾವುದೋ ಪ್ರೋಗ್ರಾಂ ಬಿಗಿನ್ ಅಂತ ಶುರು ಮಾಡಿ, ಒಂದು ಅಪ್‌ಡೇಟ್ ಮಾಡಿ, ಕಮಿಟ್ಟೂ (ಉಳಿಸುವುದು) ಇಲ್ಲ ರೋಲ್‌ಬ್ಯಾಕೂ (ರದ್ದು ಮಾಡುವುದು) ಇಲ್ಲ ಅಂತ ಕೂತುಬಿಟ್ಟಿರುತ್ತದೆ. ತಿದ್ದಿದ ಸಾಲಿನ ಮೇಲೆ ಹಿಡಿದ ಲಾಕ್ ಬಿಡುವುದಿಲ್ಲ. ಅದೇ ಸಾಲನ್ನು ತಿದ್ದಬೇಕಾದವರೆಲ್ಲ ಕಾಯಬೇಕು. ಸಾಲದ್ದಕ್ಕೆ, ಅದು ಶುರುವಾದ ಮೇಲೆ ಸತ್ತ ಸಾಲುಗಳನ್ನು (ಹಳೆಯ ಪ್ರತಿಗಳನ್ನು) ವ್ಯಾಕ್ಯೂಮ್ ಎಂಬ ಕಸ ಗುಡಿಸುವ ಕೆಲಸಕ್ಕೆ ತೆಗೆಯಲಾಗದೆ ಟೇಬಲ್ ಊದಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಏನು ಮಾಡಬೇಕು ಅಂತ ನೋಡೋಣ.

ಮೊದಲು ಪತ್ತೆ. ಈಗಿನ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ವ್ಯೂನಲ್ಲಿ ಸ್ಟೇಟ್ ಕಾಲಂ 'ಐಡಲ್ ಇನ್ ಟ್ರಾನ್ಸಾಕ್ಷನ್' ಇರುವ ಸಾಲುಗಳನ್ನು ತೆಗೆಯಿರಿ. ಟ್ರಾನ್ಸಾಕ್ಷನ್ ಯಾವಾಗ ಶುರುವಾಯಿತು ಅಂತ ಎಕ್ಸ್‌ಆ್ಯಕ್ಟ್_ಸ್ಟಾರ್ಟ್ (xact_start) ಹೇಳುತ್ತದೆ, ಯಾವಾಗಿನಿಂದ ಸುಮ್ಮನಿದೆ ಅಂತ ಸ್ಟೇಟ್_ಚೇಂಜ್ ಹೇಳುತ್ತದೆ. ಇಲ್ಲಿ ತುಂಬಾ ಜನ ಎಡವುತ್ತಾರೆ: ಕ್ವೆರಿ ಕಾಲಂನಲ್ಲಿ ಕಾಣುವುದು ಕೊನೆಗೆ ಓಡಿ ಮುಗಿದ ಕ್ವೆರಿ, ಲಾಕ್ ಹಿಡಿದದ್ದು ಅದಕ್ಕೂ ಹಿಂದಿನದು ಆಗಿರಬಹುದು.

ತಕ್ಷಣ ಬಿಡಿಸಬೇಕು ಅಂದರೆ ಅದರ ಪಿಐಡಿ (ಪ್ರೊಸೆಸ್ ನಂಬರ್) ಕೊಟ್ಟು ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಕರೆಯಿರಿ. ಕ್ಯಾನ್ಸಲ್ ಮಾಡಿ ಪ್ರಯೋಜನವಿಲ್ಲ, ಓಡುತ್ತಿರುವ ಕ್ವೆರಿಯೇ ಇಲ್ವಲ್ಲ.

ಈಗ, ಹೀಗೆ ಸುಮ್ಮನೆ ಕೂತ ಟ್ರಾನ್ಸಾಕ್ಷನ್ನನ್ನು ತಾನೇ ಕಡಿಯುವ ಸೆಟ್ಟಿಂಗ್. ಹೆಸರು ಉದ್ದ: ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್. 2016ರ 9.6 ಆವೃತ್ತಿಯಿಂದ ಇದೆ, ಆದರೆ ಡೀಫಾಲ್ಟ್ 0, ಅಂದರೆ ಆಫ್. ಘಟಕ ಬರೆಯದಿದ್ದರೆ ಮಿಲಿಸೆಕೆಂಡ್ ಅಂತ ಲೆಕ್ಕ, ಹಾಗಾಗಿ 5 ನಿಮಿಷ ಅಂದುಕೊಂಡು ಬರೀ 5 ಬರೆದರೆ ಎಲ್ಲರ ಕನೆಕ್ಷನ್ನೂ ಪಟಪಟ ಕಡಿದುಹೋಗುತ್ತದೆ. ಒಂದೇ ಸಲ ಇಡೀ ಸರ್ವರ್‌ಗೆ ಹಾಕಬೇಡಿ. ಆಲ್ಟರ್ ರೋಲ್ ಬಳಸಿ ಆ್ಯಪ್‌ನ ಯೂಸರ್‌ಗೆ ಮಾತ್ರ ಹಾಕಿ. ವೆಬ್ ಆ್ಯಪ್‌ಗೆ ಒಂದು ನಿಮಿಷವೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ಟೈಪ್ ಮಾಡುವವರಿಗೆ ಸ್ವಲ್ಪ ಧಾರಾಳವಾಗಿ ಕೊಡಿ. ಇದು ಹೊಸ ಕನೆಕ್ಷನ್‌ಗಳಿಗೆ ಮಾತ್ರ ತಗಲುತ್ತದೆ, ಆದ್ದರಿಂದ ಕನೆಕ್ಷನ್ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಮತ್ತೆ ಮತ್ತೆ ಬಳಸುವ ವ್ಯವಸ್ಥೆ) ರೀಸ್ಟಾರ್ಟ್ ಮಾಡಬೇಕು. ಬ್ಯಾಕಪ್ ಚಿಂತೆ ಬೇಡ, ಅದನ್ನು ತೆಗೆಯುವ ಪಿಜಿ_ಡಂಪ್ ತನ್ನ ಸೆಷನ್‌ನಲ್ಲಿ ಇದನ್ನು ತಾನೇ 0 ಮಾಡಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಟೆಸ್ಟ್ ಸರ್ವರ್‌ನ ಒಂದು ಸೆಷನ್‌ನಲ್ಲಿ 10 ಸೆಕೆಂಡ್ ಸೆಟ್ ಮಾಡಿ, ಬಿಗಿನ್ ಕೊಟ್ಟು ಕಾಯಿರಿ. ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುವುದಷ್ಟೇ ಅಲ್ಲ, ಕನೆಕ್ಷನ್ನೇ ಹೋಗುತ್ತದೆ. ಎರರ್ ಕೋಡ್ 25ಪಿ03. ಸತ್ತ ಕನೆಕ್ಷನ್ನನ್ನು ಪೂಲ್ ಎಸೆದು ಹೊಸದು ತರುತ್ತದಾ ಅನ್ನುವುದನ್ನು ಆಗಲೇ ನೋಡಿಕೊಳ್ಳಿ.

ಬೇರೆ ಟೈಮ್‌ಔಟ್‌ಗಳ ಜೊತೆ ಇದನ್ನು ಕಲಸಬೇಡಿ. ಸ್ಟೇಟ್‌ಮೆಂಟ್_ಟೈಮ್‌ಔಟ್ ಓಡುತ್ತಿರುವ ಕ್ವೆರಿಗೆ ಮಾತ್ರ. 14ನೇ ಆವೃತ್ತಿಯಲ್ಲಿ ಬಂದ ಐಡಲ್_ಸೆಷನ್_ಟೈಮ್‌ಔಟ್ ಟ್ರಾನ್ಸಾಕ್ಷನ್ ಹೊರಗೆ ಸುಮ್ಮನಿರುವವರಿಗೆ. 17ರ ಟ್ರಾನ್ಸಾಕ್ಷನ್_ಟೈಮ್‌ಔಟ್ ಶುರುವಿನಿಂದ ಕೊನೆವರೆಗಿನ ಒಟ್ಟು ಹೊತ್ತು ಅಳೆಯುತ್ತದೆ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನ ವೇಟ್_ಟೈಮ್‌ಔಟ್ ಡೀಫಾಲ್ಟ್ 28,800 ಸೆಕೆಂಡ್, ಅಂದರೆ 8 ಗಂಟೆ, ಅದು ಟ್ರಾನ್ಸಾಕ್ಷನ್ ತೆರೆದಿದೆಯಾ ಅಂತ ನೋಡುವುದೂ ಇಲ್ಲ.

ಆಮೇಲೆ ಲಾಗ್ ನೋಡುತ್ತಿರಿ. ಒಂದೇ ಆ್ಯಪ್ ಮತ್ತೆ ಮತ್ತೆ ಕಡಿದುಹೋಗುತ್ತಿದ್ದರೆ ಟೈಮ್‌ಔಟ್ ಹೆಚ್ಚಿಸಲು ಹೋಗಬೇಡಿ, ಕೋಡ್ ತೆರೆಯಿರಿ: ಬಿಗಿನ್ ಮತ್ತು ಕಮಿಟ್ ನಡುವೆ ಯಾರೋ ಹೊರಗಿನ ಎಪಿಐ ಕರೆದು ಉತ್ತರಕ್ಕೆ ಕಾಯುತ್ತಿರುತ್ತಾರೆ, ಇಲ್ಲವೇ ಡ್ರೈವರ್‌ನ ಆಟೋಕಮಿಟ್ (ಪ್ರತಿ ಕ್ವೆರಿಯನ್ನೂ ತಾನೇ ಕಮಿಟ್ ಮಾಡುವುದು) ಆಫ್ ಇದ್ದು ಬರೀ ಸೆಲೆಕ್ಟ್‌ಗೂ ಟ್ರಾನ್ಸಾಕ್ಷನ್ ತೆರೆದುಕೊಂಡಿರುತ್ತದೆ. ಎಪಿಐ ಕರೆಯನ್ನು ಬಿಗಿನ್‌ಗಿಂತ ಮೊದಲೋ ಕಮಿಟ್ ಆದ ಮೇಲೋ ಇಡಿ.