ಫ್ಯೂಸ್ ಕೀಳದೆ ಬ್ಯಾಟರಿ ಲೀಕ್ ಹಿಡಿದದ್ದು: ನನ್ನ ಅನುಭವ

ನಿಲ್ಲಿಸಿಟ್ಟ ಗಾಡಿಯಲ್ಲಿ ಬ್ಯಾಟರಿಯ ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಫ್ಯೂಸ್ ಕೀಳದೆಯೇ, ಅದರ ಮೇಲಿನ ಮಿಲಿವೋಲ್ಟ್ ಅಳೆದೇ ಹಿಡಿಯಬಹುದು ಎಂದಾಗ ತೀರ್ಥಹಳ್ಳಿ ಕಡೆಯ ನಮ್ಮ ಎಲೆಕ್ಟ್ರಿಷಿಯನ್‌ಗಳು ಯಾರೂ ಒಪ್ಪಲಿಲ್ಲ. ಮಿಲಿವೋಲ್ಟ್ ನೋಡಿ ಏನು ಗೊತ್ತಾಗುತ್ತೆ, ಒಂದೊಂದೇ ಫ್ಯೂಸ್ ಕಿತ್ತು ನೋಡೋದೇ ಸರಿ ಅಂತ ಅವರ ವಾದ. ಕಳೆದ ಮಳೆಗಾಲದಲ್ಲಿ ಬಂದ ಒಂದು ಗಾಡಿ ಆ ವಾದ ಮುಗಿಸಿತು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಏಳೆಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಆಂಪ್ ಅವರ್ ಬ್ಯಾಟರಿ. ಅಡಿಕೆ ತೋಟದ ಮನೆಯವರದು. ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಕಡೆ ಎರಡು ಬ್ಯಾಟರಿ ಬದಲಾಗಿತ್ತು. ಹಳೇದನ್ನು ಕೊಟ್ಟ ಮೇಲೂ ಒಂದೊಂದಕ್ಕೆ ನಾಲ್ಕು ಸಾವಿರ ಚಿಲ್ಲರೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಡಯೋಡ್ ಪ್ಲೇಟ್ ಹಾಕಿಸಿದ್ದಕ್ಕೆ ಇನ್ನೊಂದು ಮೂರು ಸಾವಿರ. ಸ್ಟೀರಿಯೋ ಕೂಡ ಕಿತ್ತು ಮನೆಯಲ್ಲಿಟ್ಟಿದ್ದರು. ಹನ್ನೊಂದು ಹನ್ನೆರಡು ಸಾವಿರ ದಂಡ.

"ಅಲ್ಲ ಮಾರಾಯ್ರೆ, ಬೇಸಿಗೆಯಲ್ಲಿ ಇದೇ ಗಾಡಿ ವಾರ ನಿಂತರೂ ಒಂದೇ ಸೆಲ್ಫಿಗೆ ಏಳ್ತದಲ್ಲ" ಎಂದರು ಯಜಮಾನರು. ಆ ಮಾತನ್ನು ನಾನು ಗಟ್ಟಿ ಹಿಡಿದುಕೊಂಡೆ. ಮುಂಚೆ ನೋಡಿದವರು ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಫುಲ್ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಇಂಜಿನ್ ಓಡುವಾಗ 14.2 ಆಸುಪಾಸು. ಮೈನಸ್ ಬಿಚ್ಚಿ ಮೀಟರನ್ನು ಸೀರೀಸ್‌ನಲ್ಲಿ ಹಾಕಿ, ಗಾಡಿಯ ಎಲೆಕ್ಟ್ರಾನಿಕ್ಸ್ ಎಲ್ಲ ಮಲಗಲಿ ಅಂತ ಅರ್ಧ ಗಂಟೆ ಬಿಟ್ಟೆ. 20-30 ಮಿಲಿ ಆಂಪ್, ಅಷ್ಟೇ. ಎಲ್ಲ ಗಾಡಿಯೂ ಅಷ್ಟು ಎಳೆಯುತ್ತದೆ. ಮರುದಿನವೂ ಅದೇ. ಡಿಸಿ ಕ್ಲಾಂಪ್ ಮೀಟರ್‌ಗೆ ಮೂರು ಸಾವಿರ ಕೊಟ್ಟಿದ್ದೆ, ಅದನ್ನೂ ಹಾಕಿದೆ. ಇಷ್ಟು ಸಣ್ಣ ಕರೆಂಟಿಗೆ ಅದರ ಸೊನ್ನೆ ತಾನೇ ಜಾರುತ್ತಿರುತ್ತದೆ, ನಂಬುವ ಹಾಗಿಲ್ಲ. ನನ್ನ ಶೆಡ್ಡಿನಲ್ಲಿ ಗಾಡಿ ಒಣಗಿ ನಿಂತಿರುತ್ತಿತ್ತು, ಒಣಗಿದ ಗಾಡಿಯಲ್ಲಿ ಲೀಕ್ ಇರಲೇ ಇಲ್ಲ. ಅದಕ್ಕೇ ಮೀಟರ್ ಹಿಡಿದುಕೊಂಡು ಮಳೆ ಸುರಿಯುವ ರಾತ್ರಿ ಅವರ ಮನೆಗೇ ಹೋದೆ.

ಫ್ಯೂಸ್ ಕೀಳುವ ಪದ್ಧತಿಯ ತೊಂದರೆ ಕೆಲಸ ಮಾಡಿದವರಿಗೆ ಗೊತ್ತು. ಒಂದು ಕಿತ್ತು ವಾಪಸ್ ಹಾಕಿದರೆ ಮಲಗಿದ್ದ ಬಿಸಿಎಂ (ಬಾಗಿಲು, ಲೈಟು, ಲಾಕ್ ನೋಡಿಕೊಳ್ಳುವ ಗಾಡಿಯ ಕಂಪ್ಯೂಟರ್) ಎದ್ದು ಕೂರುತ್ತದೆ. ಮತ್ತೆ ಅರ್ಧ ಗಂಟೆ ಕಾಯಬೇಕು. ಮೂವತ್ತು ಫ್ಯೂಸಿಗೆ ಒಂದು ರಾತ್ರಿ ಎಲ್ಲಿ ಸಾಲುತ್ತದೆ? ಅದರ ಬದಲು ಫ್ಯೂಸಿನ ನೆತ್ತಿಯ ಮೇಲೆ ಕಾಣುವ ಎರಡು ಲೋಹದ ಚುಕ್ಕಿಗೆ ಮೀಟರಿನ ಕಡ್ಡಿ ಮುಟ್ಟಿಸಿದರೆ ಸಾಕು. ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ಚೂರು ವೋಲ್ಟೇಜ್ ಬಿದ್ದಿರುತ್ತದೆ. 200 ಮಿಲಿವೋಲ್ಟ್ ರೇಂಜ್ ಇರುವ ನಾನೂರು ರೂಪಾಯಿ ಮೀಟರೂ ಆಗುತ್ತದೆ. ಕಡ್ಡಿಯ ತುದಿಗೆ ಹೊಲಿಗೆ ಸೂಜಿ ಬೆಸುಗೆ ಹಾಕಿಕೊಂಡಿದ್ದೇನೆ, ಚುಕ್ಕಿ ತಪ್ಪುವುದಿಲ್ಲ. ಮಿನಿ ಫ್ಯೂಸಿಗೆ ನನ್ನ ನೆನಪಿನ ಲೆಕ್ಕ: 10 ಆಂಪ್ ಫ್ಯೂಸಿನ ಮೇಲೆ 1 ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿ ಆಂಪ್, 15ರ ಮೇಲೆ 200, 20ರ ಮೇಲೆ 300. ಹತ್ತಿಪ್ಪತ್ತು ಆಚೀಚೆ ಆದರೂ ಕಳ್ಳ ಸಿಕ್ಕೇ ಸಿಗುತ್ತಾನೆ.

ಡ್ರೈವರ್ ಬಾಗಿಲು ತೆರೆದಿಟ್ಟು, ಬಾಗಿಲು ಮುಚ್ಚಿದೆ ಅಂತ ಗಾಡಿ ತಿಳಿಯುವ ಹಾಗೆ ಸ್ಕ್ರೂಡ್ರೈವರಿನಿಂದ ಲಾಚ್ ಮಡಿಸಿ, ಗಾಡಿ ಲಾಕ್ ಮಾಡಿ ಮುಕ್ಕಾಲು ಗಂಟೆ ಕಾದೆ. ಯಜಮಾನರು ಕೊಡೆ, ಟಾರ್ಚ್ ಹಿಡಿದು ನಿಂತಿದ್ದರು. ಸಾಲಾಗಿ ಮುಟ್ಟಿಸುತ್ತಾ ಹೋದೆ. ಸೊನ್ನೆ, ಸೊನ್ನೆ, 0.1, ಸೊನ್ನೆ. ಬಿಸಿಎಂಗೆ ಹೋಗುವ 15ರ ಮೇಲೆ 2.0 ಮಿಲಿವೋಲ್ಟ್! ಅಂದರೆ 400 ಮಿಲಿ ಆಂಪ್. ಎರಡು ದಿನಕ್ಕೆ 19 ಆಂಪ್ ಅವರ್ ಆಯಿತು, ಅರ್ಧಕ್ಕಿಂತ ಜಾಸ್ತಿ ಬ್ಯಾಟರಿ ಖಾಲಿ. ಪೇಟೆಗೆ ಆರೇಳು ಕಿಲೋಮೀಟರ್ ಓಡಿಸಿದರೆ ಅದು ತುಂಬೋದಿಲ್ಲ.

ಬಿಸಿಎಂ ಯಾಕೆ ಮಲಗುತ್ತಿಲ್ಲ? ಯಾವುದೋ ಬಾಗಿಲಿನ ಸ್ವಿಚ್ ಅದನ್ನು ಎಬ್ಬಿಸುತ್ತಿರಬೇಕು. ಡಿಕ್ಕಿ ಲಾಚಿನ ಕನೆಕ್ಟರ್ ಬಿಡಿಸಿ ಮತ್ತೆ ಕಾದೆ. 2.0 ಇದ್ದದ್ದು 0.1ಕ್ಕೆ ಇಳಿಯಿತು. ಬೆಳಿಗ್ಗೆ ಲಾಚ್ ಬಿಚ್ಚಿದರೆ ಸ್ವಿಚ್ಚಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ಕನೆಕ್ಟರ್ ಒಳಗೆ ಒಂದು ಹನಿ ನೀರು. ನಂಬರ್ ಪ್ಲೇಟ್ ಲೈಟಿನ ರಬ್ಬರ್ ಸೀಳಿ ನೀರು ಅಲ್ಲಿಂದ ಇಳಿಯುತ್ತಿತ್ತು. "ಹೌದು, ಮಳೆಯಲ್ಲಿ ಒಮ್ಮೊಮ್ಮೆ ಡಿಕ್ಕಿ ತೆರೆದಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ತೋರಿಸ್ತಿತ್ತು" ಎಂದು ಮನೆಯವರು ಆಗ ಹೇಳಿದರು. ಗುಜರಿಯಿಂದ ಲಾಚ್ ತಂದದ್ದಕ್ಕೆ ಏಳುನೂರು, ನನ್ನ ಕೂಲಿ ಸಾವಿರದೈನೂರು. ಹನ್ನೆರಡು ಸಾವಿರಕ್ಕೆ ಸಿಗದ ಲೀಕ್ ಅದು! ಆಮೇಲೆ ಮಳೆಗಾಲ ಪೂರ್ತಿ ಅದೇ ಬ್ಯಾಟರಿ ಓಡಿತು.

ಈಗ ಇಂಥ ಗಾಡಿ ಬಂದರೆ ಮಳೆಗೆ ಕಾಯುವುದಿಲ್ಲ. ಶೆಡ್ಡಿನಲ್ಲೇ ಮಳೆಗಾಲ ತರಿಸುವ ಒಂದು ಉಪಾಯ ಕಂಡುಕೊಂಡಿದ್ದೇನೆ. ಲಾಚಿಗೆ ಮತ್ತೆ ನೀರು ಇಳಿಯದ ಹಾಗೆ ಏನು ತುಂಬುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ, ಹೊಟ್ಟೆಪಾಡು ಅಲ್ವಾ.

ಇದರ ಮಧ್ಯೆ ಇನ್ನೊಂದು ಪರೀಕ್ಷೆ ಮಾಡಿದೆ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಇಳಿದುಹೋಗುತ್ತದೆ ಅಂತ ಹಳಬರು ಹೇಳುತ್ತಾರಲ್ಲ. ಒಂದೇ ತರಹದ ಎರಡು ಬ್ಯಾಟರಿ ಚಾರ್ಜ್ ಮಾಡಿ ಒಂದನ್ನು ನೆಲದ ಮೇಲೆ, ಒಂದನ್ನು ಹಲಗೆಯ ಮೇಲೆ ಒಂದು ತಿಂಗಳಷ್ಟು ಇಟ್ಟೆ. ವೋಲ್ಟೇಜ್ ಎರಡೂ ಒಂದೇ. ಪ್ಲಾಸ್ಟಿಕ್ ಡಬ್ಬಿಗೆ ನೆಲದ ಭಯ ಇಲ್ಲ. ಆದರೆ ಬ್ಯಾಟರಿ ನೆತ್ತಿಯ ಜಿಡ್ಡು ಬೇರೆ ವಿಷಯ. ಮೀಟರಿನ ಕಪ್ಪು ಕಡ್ಡಿ ಮೈನಸ್ಸಿಗೆ ಕೊಟ್ಟು, ಕೆಂಪನ್ನು ಒದ್ದೆ ಜಿಡ್ಡಿನ ಮೇಲೆ ಸುಮ್ನೆ ಎಳೆದು ನೋಡಿ, ವೋಲ್ಟ್‌ಗಟ್ಟಲೆ ತೋರಿಸುತ್ತದೆ. ಮುಚ್ಚಳದ ಒಳಗೆ ಹೋಗದ ಹಾಗೆ ಅಡಿಗೆ ಸೋಡಾ ನೀರಿನಲ್ಲಿ ಒರೆಸಿದರೆ ಸೊನ್ನೆಯಾಗುತ್ತದೆ.

ಒಂದು ಎಚ್ಚರಿಕೆ. ಆಲ್ಟರ್ನೇಟರ್ ಡಯೋಡ್ ಸೋರುತ್ತಿದ್ದರೆ ಆ ಕರೆಂಟ್ ಈ ಸಣ್ಣ ಫ್ಯೂಸುಗಳ ಮೂಲಕ ಹೋಗುವುದೇ ಇಲ್ಲ, ಎಲ್ಲ ಸೊನ್ನೆ ತೋರಿಸುತ್ತದೆ. ಆಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ತೆಗೆದು ಟೇಪ್ ಸುತ್ತಿ, ಮೈನಸ್ ವಾಪಸ್ ಹಾಕಿ, ಒಂದು ರಾತ್ರಿ ಬಿಟ್ಟು ನೋಡಿ.